ಪರಪ್ಪನವರಿಗೆ ಸ್ಟೋಯಿಕ್ ಆದದ್ದು

ಕುವೈತಿನ ಅಬು ಹಲೀಫಾದ ನಮ್ಮ ಕಟ್ಟಡದಲ್ಲಿ ಲಿಫ್ಟು ಕೆಟ್ಟರೆ ಕಾವಲುಗಾರನಿಗೆ ಫೋನು ಮಾಡುವ ಪದ್ಧತಿ ಇರಲಿಲ್ಲ. ಮೂರನೇ ಮಹಡಿಯ ಪರಪ್ಪನವರು ಬಾಗಿಲು ತೆರೆದು ಒಮ್ಮೆ ಕೂಗಿದರೆ ಸಾಕು. ನೆಲಮಹಡಿಯ ಕಾವಲುಗಾರನೂ, ಎದುರಿನ ಕಿರಾಣಿಯವನೂ, ಪಕ್ಕದ ಬೀದಿಯಲ್ಲಿ ಕೂದಲು ಕತ್ತರಿಸಿಕೊಳ್ಳುತ್ತಿದ್ದವರೂ ವಿಷಯ ತಿಳಿದುಕೊಳ್ಳುತ್ತಿದ್ದರು. ಕೂಗಿ ಮುಗಿದ ಮೇಲೆ ಅವರೇ ಸ್ಕ್ರೂಡ್ರೈವರ್ ಹಿಡಿದು ಇಳಿದು ಲಿಫ್ಟು ರಿಪೇರಿ ಮಾಡುತ್ತಿದ್ದರು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಇಂಥ ಪರಪ್ಪನವರು ಒಂದು ಮಂಗಳವಾರ ಸುಮ್ಮನಾದರು. ಅಲ್ಲಿಂದ ಶುಕ್ರವಾರದವರೆಗೆ ನಡೆದ ಅನಾಹುತದಲ್ಲಿ ನನ್ನ ಪಾಲೂ ಇದೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ.

ಪರಪ್ಪನವರು ಇಳಕಲ್ ಕಡೆಯವರು. ಸಬ್ಹಾನಿನ ಒಂದು ಹಣ್ಣಿನ ರಸದ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್. ಯಂತ್ರಗಳ ಗೇಜು, ಮೀಟರು ಸರಿಯಾಗಿವೆಯೇ ಎಂದು ನೋಡುವ ಕೆಲಸ. ಹೆಂಡತಿ ಹೊನ್ನವ್ವ, ಒಂಬತ್ತನೇ ಕ್ಲಾಸಿನ ಮಗಳು ಸಾಕ್ಷಿ. ನಾನು ಅವರ ಮೇಲಿನ ಮಹಡಿಯವನು, ಕುಂದಾಪುರದವನು, ಶುವೈಖಿನ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಗುಮಾಸ್ತ.

ಎಲ್ಲಕ್ಕೂ ಮೂಲ ಫೈಲಕಾ ದ್ವೀಪ. ಜನವರಿಯಲ್ಲಿ ನಮ್ಮ ಕನ್ನಡ ಸಂಘದವರು ದೋಣಿಯಲ್ಲಿ ಅಲ್ಲಿಗೆ ಪಿಕ್ನಿಕ್ ಹೋಗಿದ್ದೆವು. ಒಂದು ಕಡೆ ಬೇಲಿಯೊಳಗೆ ಕಲ್ಲಿನ ಅಡಿಪಾಯಗಳು, ಮುರಿದ ಗೋಡೆಗಳು ಇದ್ದವು. ಸಂಘದ ಅಧ್ಯಕ್ಷರಾದ ಬಂಟ್ವಾಳದ ತನಿಯಪ್ಪನವರು ಮೊಬೈಲಿನಲ್ಲಿ ಓದಿಕೊಂಡು ಬಂದದ್ದನ್ನು ಹೇಳಲು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ಬಿಡುವುದಕ್ಕೂ ಮೊದಲೇ ಪರಪ್ಪನವರು ಹೇಳಿಬಿಟ್ಟರು:

"ಇದರಾಗ ಹೇಳೂದೇನೈತ್ರಿ? ಹಿಂದಕ ಶೇಖಗಳು ಒಂಟಿ ಕಟ್ಟೂ ಜಾಗಾ. ನೋಡ್ರಿ, ಇದು ಗ್ವಾದ್ಲಿ, ಇದು ನೀರಿನ ತೊಟ್ಟಿ."

ಎಪ್ಪತ್ತು ಜನ ಗೋದಲಿಯನ್ನು ಭಕ್ತಿಯಿಂದ ನೋಡಿದರು. ಆಗ ಸಾಕ್ಷಿ ಹೇಳಿದಳು: "ಅಪ್ಪಾ, ಇಟ್ಸ್ ಎ ಗ್ರೀಕ್ ಟೆಂಪಲ್."

ಅವಳು ಹೇಳಿದ್ದು ನಿಜ. ಅಲೆಕ್ಸಾಂಡರ್ ಸತ್ತ ಮೇಲಿನ ಕಾಲದಲ್ಲಿ ಗ್ರೀಕರು ಅಲ್ಲಿ ಕೋಟೆ ಕಟ್ಟಿ, ಗುಡಿ ಕಟ್ಟಿ, ದ್ವೀಪಕ್ಕೆ ಇಕಾರೋಸ್ ಎಂದು ತಮ್ಮ ಕಡೆಯ ಹೆಸರಿಟ್ಟುಕೊಂಡು ಬಾಳಿದ್ದರಂತೆ. ಎಪ್ಪತ್ತು ಜನ ನಕ್ಕರು. ಪರಪ್ಪನವರು ಸಿಟ್ಟಿನಿಂದ ತನಿಯಪ್ಪನವರ ಮೇಲೆ, ದೋಣಿಯವನ ಮೇಲೆ, ಕೊನೆಗೆ ಬಿರಿಯಾನಿ ಬಡಿಸುವವನ ಮೇಲೆ ಕೂಗಾಡಿದರು. ವಾಪಸು ಬರುವಾಗ ದೋಣಿಯಲ್ಲಿ ಸಾಕ್ಷಿ ಅವರ ಪಕ್ಕದಲ್ಲಿ ಕೂರಲಿಲ್ಲ.

"ಯು ಆರ್ ಆಲ್ವೇಸ್ ಶೌಟಿಂಗ್," ಅಂದಳಂತೆ ಮನೆಗೆ ಬಂದ ಮೇಲೆ. "ಮೈ ಫ್ರೆಂಡ್ಸ್ ಆರ್ ಸ್ಕೇರ್ಡ್ ಟು ಕಮ್ ಹಿಯರ್." ಹೀಗೆಂದು ಕೋಣೆಯ ಬಾಗಿಲು ಹಾಕಿಕೊಂಡಳು. ಮಾತು ಬಿಟ್ಟಳು.

ಮಗಳ ಮೌನ ಪರಪ್ಪನವರಿಗೆ ತಡೆಯಲಾಗಲಿಲ್ಲ. ಅವರಿಗೆ ಒಂದು ವಾರ ರಜೆ ಇತ್ತು. ಊಟದ ಮೇಜಿನ ಮೇಲೆ ಅವಳ ಶಾಲೆಯ ಪ್ರಾಜೆಕ್ಟಿಗೆಂದು ತಂದಿದ್ದ ಪುಸ್ತಕವೊಂದು ಬಿದ್ದಿತ್ತು: ಪ್ರಾಚೀನ ಗ್ರೀಕರು, ರೋಮನರು, ಅವರ ದೇವರುಗಳು, ಅವರ ಜ್ಞಾನಿಗಳು, ಬಣ್ಣದ ಚಿತ್ರಗಳ ಸಮೇತ. ಇನ್ನು ಮುಂದೆ ಗ್ರೀಕರ ವಿಷಯದಲ್ಲಿ ತನ್ನನ್ನು ನೋಡಿ ಯಾರೂ ನಗುವಂತಾಗಬಾರದು ಎಂದು ಪಣತೊಟ್ಟು ಓದಲು ಕೂತರು. ಪಂಪಿನ ಮ್ಯಾನ್ಯುಯಲ್ ಓದುವಂತೆ, ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಓದಿದರು. ನಲವತ್ತೊಂದನೇ ಪುಟದಲ್ಲಿ ಸ್ಟೋಯಿಕರು ಸಿಕ್ಕರು.

ಝೀನೋ ಎಂಬ ವ್ಯಾಪಾರಿ. ಹಡಗು ಮುಳುಗಿ ಸರಕೆಲ್ಲ ಹೋಯಿತು. ಅವನು ಎದೆ ಬಡಿದುಕೊಳ್ಳಲಿಲ್ಲ. ಅಥೆನ್ಸಿಗೆ ಬಂದು, ಸ್ಟೋವಾ ಎಂಬ ಕಂಬಗಳ ಪಡಸಾಲೆಯಲ್ಲಿ ಪಾಠ ಹೇಳಲು ನಿಂತ. ಆ ಪಡಸಾಲೆಯಿಂದಲೇ ಅವನ ಮಂದಿಗೆ ಸ್ಟೋಯಿಕರು ಎಂದು ಹೆಸರಾಯಿತು. ದೇಹ, ನೌಕರಿ, ಮಾನ ಯಾವುದೂ ನಮ್ಮ ಅಧೀನದಲ್ಲಿಲ್ಲ, ನಮ್ಮ ಮನಸ್ಸೊಂದೇ ನಮ್ಮ ಅಧೀನದಲ್ಲಿದೆ, ಆದ್ದರಿಂದ ಸಿಟ್ಟಾಗುವುದು ದಡ್ಡತನ ಎಂದು ಅವರ ಪಾಠ. ಅವರಲ್ಲೊಬ್ಬ ಗುಲಾಮನಂತೆ. ಯಜಮಾನ ಅವನ ಕಾಲು ತಿರುಚಿದ. "ಮುರಿಯುತ್ತದೆ" ಅಂದ ಗುಲಾಮ, ಶಾಂತವಾಗಿ. ಮುರಿಯಿತು. "ಹೇಳಿರಲಿಲ್ಲವೇ?" ಅಂದ, ಇನ್ನೂ ಶಾಂತವಾಗಿ.

ಪರಪ್ಪನವರು ಪುಸ್ತಕ ಮುಚ್ಚಿ ಹೆಂಡತಿಯನ್ನು ಕರೆದರು.

"ನೋಡ, ಇವತ್ತಿನಿಂದ ನಾ ಸ್ಟೋಯಿಕ್."

"ಉಂಡ ಮ್ಯಾಲ ಆಗ್ರಿ," ಅಂದಳು ಹೊನ್ನವ್ವ. "ರೊಟ್ಟಿ ಆರಾಕತ್ತಾವು."

ಅಂದು ಸಂಜೆ ನಾನು ಅವಸರದಲ್ಲಿ ಪರಪ್ಪನವರ ಜಾಗದಲ್ಲಿ ಕಾರು ನಿಲ್ಲಿಸಿದೆ. ಅದು ಅವರ ಜಾಗವೆಂದು ಎಲ್ಲಿಯೂ ಬರೆದಿರಲಿಲ್ಲ, ಆದರೂ ಬೆಕ್ಕುಗಳು ಸಹ ಅಲ್ಲಿ ಮಲಗುತ್ತಿರಲಿಲ್ಲ. ಕಾರಿಂದ ಇಳಿಯುತ್ತಿದ್ದಂತೆ ಎದುರಿಗೆ ಅವರೇ. ನಾನು ಕಣ್ಣು ಮುಚ್ಚಿಕೊಂಡೆ. ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟೆ. ಪರಪ್ಪನವರು ಕಾರನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಸಿಮೆಂಟಿನ ಹಾಗೆ.

"ಜಾಗಾ ಯಾರದೂ ಅಲ್ಲ," ಅಂದರು ಮೆಲ್ಲಗೆ, ಮತ್ತು ಹೊರಟುಹೋದರು.

ನನ್ನ ಕೈಯಿಂದ ಕೀ ಜಾರಿ ಕೆಳಗೆ ಬಿತ್ತು. ಹತ್ತು ವರ್ಷದಲ್ಲಿ ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನೇರವಾಗಿ ಬರ್ನಾರ್ಡರ ಮನೆಯ ಕರೆಗಂಟೆ ಒತ್ತಿದೆ. ಬರ್ನಾರ್ಡ್ ಮತ್ತು ಅವರ ಹೆಂಡತಿ ಮಗ್ದಲೀನ್ ಬಾಯಿ ಪರಪ್ಪನವರ ಎದುರು ಬಾಗಿಲಿನವರು, ಮಂಗಳೂರಿನವರು. ಮಗ್ದಲೀನ್ ಬಾಯಿ ಒಂದು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೌಂಟರಿನಲ್ಲಿ ಕೂರುತ್ತಾರೆ. ನಮ್ಮ ಕಟ್ಟಡದ ಮಟ್ಟಿಗೆ ಅದು ಡಾಕ್ಟರಿಗೆ ಸಮ. ಶೀತವಾದರೂ ಅವರನ್ನೇ ಕೇಳುವುದು.

"ನಾನು ಸಹ ನೋಡಿದೆ ಮಾರಾಯ್ರೆ," ಅಂದರು ಬರ್ನಾರ್ಡ್. "ಬೆಳಿಗ್ಗೆ ನಾನು ಗುಡ್ ಮಾರ್ನಿಂಗ್ ಹೇಳಿದ್ರೆ ಉತ್ತರವೇ ಇಲ್ಲ. ಬಾಲ್ಕನಿಯಲ್ಲಿ ಒಂದು ಕುರ್ಚಿ ಹಾಕಿ, ಬಟ್ಟೆ ಒಣಗಿಸುವ ಹಗ್ಗದ ಅಡಿ, ಹೀಗೆ ಕೂತಿದ್ದಾರೆ. ಬೊಂಬೆ ಕೂತ ಹಾಗೆ."

ನಮ್ಮಲ್ಲಿ ಪಡಸಾಲೆ ಇಲ್ಲದ್ದರಿಂದ ಬಾಲ್ಕನಿಯನ್ನೇ ಸ್ಟೋವಾ ಮಾಡಿಕೊಂಡಿದ್ದಾರೆಂದು ಆಗ ನಮಗೆ ಹೇಗೆ ತಿಳಿಯಬೇಕು?

ಮಗ್ದಲೀನ್ ಬಾಯಿ ತಡಮಾಡಲಿಲ್ಲ. ಲಿಫ್ಟಿನ ಹತ್ತಿರ ಹೊನ್ನವ್ವ ಸಿಕ್ಕಳು. ನಾನೂ ಬರ್ನಾರ್ಡರೂ ಜೊತೆಗಿದ್ದೆವು. ಆವೊತ್ತು ಲಿಫ್ಟು ಗರಗಸದ ಮಿಲ್ಲಿನಂತೆ ಸದ್ದು ಮಾಡುತ್ತಿತ್ತು.

"ಹೊನ್ನವ್ವ, ನಿಮ್ಮ ಯಜಮಾನ್ರಿಗೆ ಎಂತ ಆಗಿದೆ?"

"ಅಯ್ಯ, ಅದೇನೋ ಸ್ಟೋಯಿಕ್ ಆಗೇತಂತ್ರಿ ಅಕ್ಕಾರ," ಅಂದಳು ಹೊನ್ನವ್ವ. ಆ ಪದ ಅವಳ ನಾಲಗೆಯಲ್ಲಿ 'ಸ್ಟೋಕ್' ಎಂದೇ ಹೊರಟಿತು. ಅರ್ಧವನ್ನು ಲಿಫ್ಟು ನುಂಗಿತು.

ಮಗ್ದಲೀನ್ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿದರು. "ಜೆಜೂ! ಯಾವಾಗ?"

"ಇವತ್ತ ಮುಂಜಾನಿ, ಉಣ್ಣೂ ಮುಂದ."

"ಮುಖ ಒಂದು ಬದಿಗೆ ಎಳೆದಿದೆಯಾ?"

"ಒಂದ ಕಡೆ ಅಲ್ರಿ, ಎಲ್ಲಾ ಕಡೆನೂ ಹಂಗ ಐತಿ. ನಗೂದಿಲ್ಲ, ಸಿಟ್ಟಾಗೂದಿಲ್ಲ. ಚಟ್ನಿಪುಡಿ ಹಾಕೂದ ಮರತರೂ ಸುಮ್ಮ ಉಂಡ್ರು."

"ನೀನು ಹೇಗೆ ಸಹಿಸಿಕೊಳ್ತೀ ಮಗಾ?" ಮಗ್ದಲೀನ್ ಬಾಯಿಯ ಕಣ್ಣು ತುಂಬಿತು.

"ಮನಿಯಾಗ ಗದ್ಲಿಲ್ಲದ ನನಗ ಆರಾಮ ಆಗೇತ್ರಿ," ಅಂದಳು ಹೊನ್ನವ್ವ, ನಗುತ್ತ.

ಆಘಾತದಿಂದ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಮಗ್ದಲೀನ್ ಬಾಯಿ ನನಗೆ ಕಣ್ಸನ್ನೆ ಮಾಡಿದರು. ಅಷ್ಟರಲ್ಲಿ ಸಾಕ್ಷಿ ಶಾಲೆಯ ಬ್ಯಾಗು ಹೊತ್ತು ಬಂದಳು. "ಪಪ್ಪ ಯಾವತ್ತಿಂದ ಹೀಗೆ ಮಗಾ?" ಎಂದು ಕೇಳಿದರೆ, ಮಾತು ಬಿಟ್ಟ ಮಗಳು ಅಸಡ್ಡೆಯಿಂದ, "ಸಿನ್ಸ್ ಫೈಲಕಾ, ಆಂಟಿ. ಹೀ ಥಿಂಕ್ಸ್ ಹೀ ಈಸ್ ಎ ಸ್ಟೋಯಿಕ್," ಅಂದು ಒಳಗೆ ಹೋದಳು.

"ಪಾಪದ ಮಗು. ವ್ಯಾಕರಣವೇ ತಪ್ಪಿಹೋಗಿದೆ," ಅಂದರು ಬರ್ನಾರ್ಡ್.

ಇನ್ನು ನನ್ನ ಪಾಲು. ಮೆಟ್ಟಿಲ ಮೇಲೆ ನಿಂತು, ಇನ್ನೂರು ಚಿಲ್ಲರೆ ಜನರಿರುವ ಸಂಘದ ವಾಟ್ಸಾಪ್ ಗುಂಪಿಗೆ (ಫೈಲಕಾದ ಸಿಟ್ಟಿನಲ್ಲಿ ಪರಪ್ಪನವರ ಮನೆಯವರು ಅದನ್ನು ಬಿಟ್ಟಿದ್ದರು) ಬರೆದೆ: 'ನಮ್ಮ ಪರಪ್ಪನವರಿಗೆ ಸ್ಟ್ರೋಕ್. ಪ್ರಾರ್ಥಿಸಿ.' ಸಾವಧಾನವಾಗಿ ಯೋಚಿಸಿ ಬರೆದದ್ದು ಎಂದೇ ಆಗ ಅನಿಸಿತ್ತು. ಅರ್ಧ ಗಂಟೆಯಲ್ಲಿ ಸುದ್ದಿ ಸಾಲ್ಮಿಯಾದಲ್ಲಿ ಎಡಗೈಗೆ ಹೋಯಿತು, ಫರ್ವಾನಿಯಾದಲ್ಲಿ ಎಡಗಾಲಿಗೆ ಇಳಿಯಿತು. ಶುವೈಖ್ ಇಂಡಸ್ಟ್ರಿಯಲ್ ಏರಿಯಾ ತಲುಪುವಷ್ಟರಲ್ಲಿ ಎರಡೂ ಕಡೆ ಬಿದ್ದುಹೋಗಿತ್ತು. ಅಲ್ಲಿಯ ಗ್ಯಾರೇಜಿನಲ್ಲಿ ಹೊನ್ನವ್ವನ ತಮ್ಮ ಸಿದ್ದಲಿಂಗೇಶ ಕೆಲಸ ಮಾಡುತ್ತಿದ್ದ. ಅವನು ಬಿಚ್ಚಿದ ಗೇರ್‌ಬಾಕ್ಸನ್ನು ಹಾಗೇ ಬಿಟ್ಟು, ಯಾರದೋ ಕೈಕಾಲು ಹಿಡಿದು ಒಂದು ಗಾಲಿಕುರ್ಚಿ ಸಂಪಾದಿಸಿಕೊಂಡು, ಬುಧವಾರ ಬೆಳಿಗ್ಗೆ ಎಂಟಕ್ಕೆಲ್ಲ ಅಬು ಹಲೀಫಾದಲ್ಲಿ ಹಾಜರಾದ.

ಬುಧವಾರ ಜನ ಸಾಲಾಗಿ ಬಂದರು. ಸೇಬು, ಕಿತ್ತಳೆ, ಬಾಳೆಹಣ್ಣು. ಮೆಲ್ಲಗೆ ಚಪ್ಪಲಿ ಬಿಟ್ಟು, ಮೆಲ್ಲಗೆ ಬಾಲ್ಕನಿಯ ಬಾಗಿಲಿಗೆ ಬಂದು, ಕೈ ಕಟ್ಟಿಕೊಂಡು ನಿಂತರು. ಪರಪ್ಪನವರು ನೋಡಿದರು. ಅವರಿಗೆ ಅನಿಸಿದ್ದೇ ಬೇರೆ. ತಾನು ಜ್ಞಾನಿಯಾದ ಸುದ್ದಿ ಊರಿಗೆಲ್ಲ ಹಬ್ಬಿದೆ, ಜನ ಉಪದೇಶ ಕೇಳಲು ಬಂದಿದ್ದಾರೆ. ಫೈಲಕಾದಲ್ಲಿ ನಕ್ಕವರೇ ಈಗ ಹಣ್ಣು ಹಿಡಿದು ನಿಂತಿದ್ದಾರೆ! ಒಳಗೊಳಗೇ ಹಿಗ್ಗಿದರು. ಆದರೆ ಸ್ಟೋಯಿಕರು ಹಿಗ್ಗಬಾರದಲ್ಲ, ಅದಕ್ಕೆ ಮುಖವನ್ನು ಇನ್ನಷ್ಟು ಬಿಗಿದರು.

ಬರ್ನಾರ್ಡ್ ಮಂಡಿಯೂರಿ ಕೂತು, ಕಿವುಡರಿಗೆ ಹೇಳುವಂತೆ ಒಂದೊಂದೇ ಪದ ಕೂಗಿದರು: "ಪರಪ್ಪನವರೇ! ನಾನು ಯಾರು? ಗೊತ್ತಾಗ್ತದಾ?"

ಎಂಥ ಪ್ರಶ್ನೆ! ಪರಪ್ಪನವರು ಬಹಳ ಹೊತ್ತು ಯೋಚಿಸಿದರು. "ನೀವು ಯಾರನ್ನೂದು ನೀವ ಹುಡುಕಬೇಕ್ರಿ," ಅಂದರು. "ನಾ ಯಾರನ್ನೂದ ನನಗಿನ್ನೂ ಗೊತ್ತಾಗಿಲ್ಲ."

ಬರ್ನಾರ್ಡ್ ಕರವಸ್ತ್ರ ಕಚ್ಚಿಕೊಂಡು ಎದ್ದುಹೋದರು.

"ಮಾಮಾ, ಕೈಕಾಲು ಹೆಂಗ ಅದಾವ?" ಎಂದ ಸಿದ್ದಲಿಂಗೇಶ.

"ಕೈಕಾಲು ನನ್ನ ಅಧೀನದಾಗ ಇಲ್ಲೋ ತಮ್ಮಾ. ಈ ದೇಹನ ನನ್ನ ಅಧೀನದಾಗ ಇಲ್ಲ. ಮನಸ್ಸೊಂದ ಉಳದೈತಿ."

ಸಿದ್ದಲಿಂಗೇಶ ಗೋಡೆಗೆ ಹಣೆ ಹಚ್ಚಿ ಬಿಕ್ಕಿದ. ತನ್ನ ಮಾತು ಇಷ್ಟು ನಾಟುತ್ತದೆಂದು ಪರಪ್ಪನವರಿಗೂ ಗೊತ್ತಿರಲಿಲ್ಲ. ಉತ್ಸಾಹ ಬಂದು, ಝೀನೋ ಮಾಡಿ ತೋರಿಸುತ್ತಿದ್ದನೆಂದು ಪುಸ್ತಕದಲ್ಲಿದ್ದ ಪಾಠವನ್ನು ಶುರುಮಾಡಿದರು. ಬಿಡಿಸಿದ ಅಂಗೈ ಅಂದರೆ ಬರೀ ಕಂಡದ್ದು. ಬೆರಳು ಮಡಚುತ್ತ ಬಂದರೆ ಒಪ್ಪಿದ್ದು. ಮುಷ್ಟಿ ಅಂದರೆ ತಿಳಿದದ್ದು. ಆ ಮುಷ್ಟಿಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದರೆ ಅದು ಜ್ಞಾನ. ಜ್ಞಾನ ಮಾತಿಗೆ ಸಿಗದೆಂದು ಅವರು ಏನನ್ನೂ ವಿವರಿಸದೆ ಬರೀ ಕೈ ಮಾಡಿ ತೋರಿಸಿದರು. ನಾವು ಕಂಡದ್ದು ಇಷ್ಟೇ. ಬೆರಳುಗಳು ನಿಧಾನವಾಗಿ ಸುರುಟಿಕೊಳ್ಳುತ್ತಿವೆ, ಬಿಡಿಸಲಾಗುತ್ತಿಲ್ಲ, ಪಾಪ ಇನ್ನೊಂದು ಕೈಯಿಂದ ಅದನ್ನು ಹಿಡಿದು ಒದ್ದಾಡುತ್ತಿದ್ದಾರೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊನ್ನವ್ವ ಅಡಿಗೆಮನೆಯಲ್ಲಿ ಮೂವತ್ತು ಜನಕ್ಕೆ ಚಹಾ ಕುದಿಸುತ್ತಿದ್ದಳು. "ಇವರ ಮಾತ ಕೇಳಾಕ ಇಷ್ಟ ಮಂದಿ ಬರತಾರಂದ್ರ ನಾ ನಂಬಿರಲಿಲ್ಲ," ಎಂದು ನನ್ನ ಕೈಗೆ ಕಪ್ಪು ಕೊಟ್ಟಳು. ಎಂಥ ಧೈರ್ಯದ ಹೆಂಗಸು ಎಂದು ನಾನು ಬೆರಗಾದೆ.

ಗುರುವಾರ ಕಾರ್ಖಾನೆಯಿಂದ ಮಂದೂಬ್ ಬಂದ. ಸರಕಾರಿ ಕಚೇರಿಗಳ ಕಾಗದ ಪತ್ರ, ಇಕಾಮಾ ಎಂಬ ವಾಸದ ಪರವಾನಗಿ, ಮುದ್ರೆ ಎಲ್ಲ ನೋಡಿಕೊಳ್ಳುವವನಿಗೆ ಇಲ್ಲಿ ಮಂದೂಬ್ ಎನ್ನುತ್ತಾರೆ. ರಗಬ್ ಎಂಬ ಈಜಿಪ್ಟಿನವ, ಮೂರು ಭಾಷೆಗಳನ್ನು ಒಂದೇ ವಾಕ್ಯದಲ್ಲಿ ಮುಗಿಸುವವ. ಅವನು ಫೈಲು ಬಿಚ್ಚಿ, ಪೆನ್ನು ತೆಗೆದು ಆರೋಗ್ಯ ವಿಚಾರಿಸಿದ: "ಪರಪ್ಪಾ, ಕೈಫ್ ಹಾಲಕ್? ಕಾಮ್ ಕರೇಗಾ?"

"ನೌಕ್ರಿ ಮೇರೇ ಹಾಥ್ ಮೇ ನಹೀಂ," ಅಂದರು ಪರಪ್ಪನವರು, ನಲವತ್ತೊಂದನೇ ಪುಟವನ್ನು ಹಿಂದಿಗೆ ತಿರುಗಿಸಿ.

"ಹಾಥ್ ನಹೀಂ?" ರಗಬ್ ಗಾಬರಿಯಿಂದ ನಮ್ಮ ಕಡೆ ನೋಡಿದ. ನಾವು ತಲೆ ತಗ್ಗಿಸಿದೆವು. ಕೈ ಇಲ್ಲ ಎಂದು ಬರೆದುಕೊಂಡ. "ಔರ್ ಪೈರ್?"

"ಪೈರ್ ಭೀ ನಹೀಂ. ಟೂಟ್ ಗಯಾ ತೋ ಟೂಟ್ ಗಯಾ." ಗುಲಾಮನ ಕಾಲು ಮುರಿದ ಕಥೆ ಹೇಳಬೇಕೆಂದಿದ್ದರು, ಹಿಂದಿ ಸಾಲಲಿಲ್ಲ.

"ಲಾ ಹೌಲ!" ರಗಬ್ ಎದ್ದು ನಿಂತ. ಹನ್ನೆರಡು ವರ್ಷದ ಹಿಂದೆ ಪರಪ್ಪನವರ ಮೊದಲ ಇಕಾಮಾಕ್ಕೆ ಅವನೇ ಓಡಾಡಿದ್ದನಂತೆ. ಅವನ ಕಣ್ಣೂ ಒದ್ದೆಯಾಯಿತು. ಫೈಲಿನಿಂದ ಎರಡು ಹಾಳೆ ತೆಗೆದ. ಕೈ ಬರದವರಿಗೆ ಹೆಬ್ಬೆಟ್ಟು ಎಂದು ತಾನೇ ತೀರ್ಮಾನಿಸಿ, ಪರಪ್ಪನವರ ಹೆಬ್ಬೆರಳನ್ನು ಹಿಡಿದು, ಶಾಯಿಗೆ ಒತ್ತಿ, ಎರಡೂ ಕಡೆ ಗುದ್ದಿಸಿದ. "ಖಲಾಸ್, ಹಬೀಬಿ. ಅಬ್ ಆರಾಮ್."

ಡಿಪ್ಲೊಮಾ ಓದಿದ ಮನುಷ್ಯ ಹೆಬ್ಬೆಟ್ಟು ಒತ್ತುವಾಗ ಏನು ಅಂತ ಕೇಳಬಾರದೇ? ಆಮೇಲೆ ನಾನು ಅವರನ್ನೇ ಕೇಳಿದೆ. "ಹೆಸರಿನ ಹಮ್ಮು ಬ್ಯಾಡ ಅಂತ ಆ ಮಂದಿ ಹೇಳ್ಯಾರಲ್ರೀ," ಅಂದರು. "ಕಂಪನಿಯವ್ರು ಏನೋ ಸನ್ಮಾನಕ್ಕ ಕಾಗದಾ ಮಾಡಾಕತ್ತಾರಂತ ತಿಳ್ಕೊಂಡ್ನಿ."

ಯಾಕೆಂದರೆ ಅಷ್ಟರಲ್ಲಿ ಸಂಘದ ಪ್ರಕಟಣೆಯನ್ನು ಬರ್ನಾರ್ಡ್ ಅವರಿಗೆ ಓದಿ ಹೇಳಿದ್ದರು: 'ನಮ್ಮ ಪ್ರೀತಿಯ ಪರಪ್ಪನವರಿಗಾಗಿ ಶುಕ್ರವಾರ ಹತ್ತು ಗಂಟೆಗೆ ವಿಶೇಷ ಸಭೆ. ಎಲ್ಲರೂ ಬನ್ನಿ.' ಪರಪ್ಪನವರು ಗುರುವಾರವಿಡೀ ಕೂತು ಭಾಷಣ ಬರೆದರು.

ಶುಕ್ರವಾರ ಹೊನ್ನವ್ವನೂ ಸಾಕ್ಷಿಯೂ ಮೊದಲೇ ಹೋದರು. ಹೆಂಗಸರು ಅವರನ್ನು ತಬ್ಬಿಕೊಂಡು ಮುಂದಿನ ಸಾಲಿನಲ್ಲಿ ಕೂರಿಸಿದರು. ಇತ್ತ ಸಿದ್ದಲಿಂಗೇಶ ಗಾಲಿಕುರ್ಚಿ ತಂದು ನಿಲ್ಲಿಸಿದ.

"ಯಾಕೋ? ನಾ ನಡಕೊಂತ ಬರ್ತೇನಿ."

"ಬ್ಯಾಡ ಮಾಮಾ. ಹಂಗ ಅನಬ್ಯಾಡ್ರಿ," ಎಂದು ಸಿದ್ದಲಿಂಗೇಶ ಅಳತೊಡಗಿದ.

ಊರಲ್ಲಿ ಸ್ವಾಮಿಗಳನ್ನು ಪಲ್ಲಕ್ಕಿಯಲ್ಲಿ ಹೊತ್ತು ತರುವುದು ಪರಪ್ಪನವರಿಗೆ ನೆನಪಾಯಿತು. ಮರ್ಯಾದೆಯನ್ನು ಬೇಡ ಅನ್ನುವುದೂ ಒಂದು ಅಹಂಕಾರವೇ ಎಂದು ಸಮಾಧಾನ ಮಾಡಿಕೊಂಡು ಕೂತರು. ಲಿಫ್ಟು ಕೆಟ್ಟು ನಿಂತಿತ್ತು, ನಾನೂ ಬರ್ನಾರ್ಡರೂ ಎರಡು ಕಡೆ ಹಿಡಿದು, ಮೂರು ಮಹಡಿ ಇಳಿಸಿದೆವು. ಎಂಬತ್ತೆಂಟು ಕಿಲೋ ಇದ್ದಾರೆ ಅವರು.

ಸಂಘದ ಹಾಲಿನಲ್ಲಿ ಇನ್ನೂರು ಜನ. ಗಾಲಿಕುರ್ಚಿ ಒಳಗೆ ಬರುತ್ತಲೇ ಎಲ್ಲರೂ ಎದ್ದು ನಿಂತರು. ಪರಪ್ಪನವರು ಗಂಭೀರವಾಗಿ ಕಣ್ಣು ಅರೆಮುಚ್ಚಿದರು. ವೇದಿಕೆಯ ಮೇಲೆ ತಂದು ನಿಲ್ಲಿಸಿದೆವು. ಬೆನ್ನ ಹಿಂದೆ ಬ್ಯಾನರ್ ಇದ್ದುದು ಅವರಿಗೆ ಕಾಣಲಿಲ್ಲ.

ತನಿಯಪ್ಪನವರು ಮೈಕು ಹಿಡಿದರು. "ಬಂಧುಗಳೇ, ಮೊನ್ನೆ ಮೊನ್ನೆ ಫೈಲಕಾದಲ್ಲಿ ಹುಲಿಯ ಹಾಗೆ ಗರ್ಜಿಸಿದ ಮನುಷ್ಯ. ಆವತ್ತು ನಾವು ನಕ್ಕೆವು. ಆ ನಗುವೇ ಅವರಿಗೆ ತಾಗಿತೋ ಏನೋ. ನಮ್ಮನ್ನು ಕ್ಷಮಿಸಿ ಪರಪ್ಪನವರೇ." ಸಭೆಯಲ್ಲಿ ಮೂಗು ಸೀಟುವ ಸದ್ದು. ಪರಪ್ಪನವರು ಕ್ಷಮಿಸಿದೆ ಎಂಬಂತೆ ಕೈ ಎತ್ತಿದರು. "ನೋಡಿ, ಆ ಕೈ ಇವತ್ತು ಇಷ್ಟೇ ಏಳುವುದು!" ಎಂದು ತನಿಯಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

ಪರಪ್ಪನವರ ಹುಬ್ಬು ತುಸು ಗಂಟಾಯಿತು.

ಆಮೇಲೆ, ಸಭೆಗೆ ಬಂದಿದ್ದ ರಗಬನ ಕಾಗದವನ್ನು ತನಿಯಪ್ಪನವರು ಕನ್ನಡದಲ್ಲಿ ಓದಿ ಹೇಳಿದರು: "ಶ್ರೀ ಪರಪ್ಪನವರು ಸ್ಟ್ರೋಕಿನಿಂದ ಕೈಕಾಲು ಕಳೆದುಕೊಂಡು ಕೆಲಸಕ್ಕೆ ಅಸಮರ್ಥರಾಗಿರುವುದರಿಂದ, ಅವರ ಒಪ್ಪಿಗೆಯ ಮೇರೆಗೆ ಅವರನ್ನು ಸೇವೆಯಿಂದ ಬಿಡುಗಡೆ ಮಾಡಿ, ಕುಟುಂಬ ಸಮೇತ ಬರುವ ಬುಧವಾರದ ವಿಮಾನದಲ್ಲಿ ಊರಿಗೆ..."

"ಯಾರಿಗ್ರೀ ಸ್ಟ್ರೋಕು?"

ಮುಂದಿನ ಸಾಲಿನಲ್ಲಿ ಹೊನ್ನವ್ವ ಎದ್ದು ನಿಂತಿದ್ದಳು. ಇನ್ನೂರು ಜನ ಅವಳನ್ನು ನೋಡಿದರು. ಆಮೇಲೆ ಇನ್ನೂರು ಜನ ವೇದಿಕೆಯನ್ನು ನೋಡಿದರು, ಯಾಕೆಂದರೆ ಅಲ್ಲಿ ಪರಪ್ಪನವರೂ ಎದ್ದು ನಿಂತಿದ್ದರು. ಎರಡೂ ಕಾಲಿನ ಮೇಲೆ.

"ಜೆಜು ಮರಿ ಜೂಜೆ!" ಎಂದು ಕಿರುಚಿ ಮಗ್ದಲೀನ್ ಬಾಯಿ ಮೊಣಕಾಲೂರಿದರು. ಹಿಂದೆ ಯಾರೋ "ಹರಹರ ಮಹಾದೇವ" ಅಂದರು. ತನಿಯಪ್ಪನವರ ಕೈಯಿಂದ ಮೈಕು ಬಿತ್ತು. ಪರಪ್ಪನವರು ಬಗ್ಗಿ ಅದನ್ನು ಎತ್ತಿಕೊಂಡರು. ಅವರು ಬಗ್ಗಿದ್ದನ್ನು ಕಂಡು ಸಭೆಗೆ ಮತ್ತೊಂದು ಆಘಾತ. ಅವರು ತಿರುಗಿ ಬ್ಯಾನರ್ ಓದಿದರು: 'ಪರಪ್ಪನವರು ಶೀಘ್ರ ಗುಣಮುಖರಾಗಲಿ.'

ನಾಲ್ಕು ದಿನ ಒಳಗೆ ತಡೆದಿಟ್ಟದ್ದೆಲ್ಲ ಒಮ್ಮೆಗೇ ಹೊರಬಂತು.

"ಯಾವ ಹೇಳ್ಯಾನಲೇ ನನಗ ಸ್ಟ್ರೋಕ್ ಆಗೇತಂತ? ಯಾವ ಅವಾ? ನನ್ನ ನೌಕ್ರಿ ತಗದ್ರಿ? ಇನ್ನೂ ಹತ್ತ ವರ್ಷ ದುಡಿಯೋ ಮನಿಶ್ಯಾನ್ನ ಕುರ್ಚ್ಯಾಗ ಹಾಕ್ಕೊಂಡು ಬಂದೀರಿ? ನನ್ನ ಮಗಳ ಸಾಲಿ ಏನಾಗಬೇಕು? ರಗಬ್! ತಾಲ್ ಹಿನಾ! ಇಲ್ಲಿ ಬಾ ಮಗನ!"

"ನಾಲಗೆ ತೊದಲುವುದಿಲ್ಲ!" ಎಂದು ಒಬ್ಬರು ಕೂಗಿದರು. ಸಭೆ ಚಪ್ಪಾಳೆ ತಟ್ಟಿತು. ಪರಪ್ಪನವರು ಬಲಗೈ ಬೀಸಿದರು. "ಬಲಗೈ ಬಂತು!" ಎಡಗೈಯಿಂದ ಮೇಜು ಗುದ್ದಿದರು. "ಎಡಗೈಯೂ ಬಂತು ಮಾರಾಯ್ರೆ!" ಬೈದಷ್ಟೂ ಚಪ್ಪಾಳೆ, ಚಪ್ಪಾಳೆ ಹೆಚ್ಚಿದಷ್ಟೂ ಬೈಗುಳ. ನನ್ನನ್ನೂ ಹೆಸರು ಹಿಡಿದು ಬೈದರು. ಅಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ಗದ್ದಲದ ನಡುವೆ ಸಾಕ್ಷಿ ವೇದಿಕೆ ಹತ್ತಿದಳು. ತಂದೆಯ ಕೈಯಿಂದ ಮೈಕು ತೆಗೆದುಕೊಂಡಳು. ಹತ್ತು ವರ್ಷದಿಂದ ನಮ್ಮೆದುರು ಇಂಗ್ಲಿಷು ಬಿಟ್ಟು ಮಾತಾಡದ ಹುಡುಗಿ, ಅವ್ವನ ಕನ್ನಡದಲ್ಲಿ ಮಾತಾಡಿದಳು.

"ಎಲ್ಲಾರೂ ಸುಮ್ಮನಿರ್ರಿ. ನಮ್ಮಪ್ಪಗ ಸ್ಟ್ರೋಕ್ ಆಗಿಲ್ಲ. ಅವರು ಸ್ಟೋಯಿಕ್ ಆಗಿದ್ರು. ಅಂದ್ರ ಸಿಟ್ಟ ಮಾಡದ ಇರೋ ಗ್ರೀಕ ಮಂದಿ. ನಾನ ಅವರಿಗೆ 'ಯಾವಾಗ್ಲೂ ಒದರ್ತೀರಿ' ಅಂದಿದ್ದೆ. ನನ್ನ ಸಲುವಾಗಿ ನಾಕ ದಿನಾ ಸುಮ್ಮ ಕುಂತಿದ್ರು. ನಿಮ್ಮಿಂದ ಸುಮ್ಮನಿರಾಕನೂ ಆಗಲಿಲ್ಲ ಅವರಿಗೆ."

ಇನ್ನೂರು ಜನ ಮಗ್ದಲೀನ್ ಬಾಯಿಯನ್ನು ನೋಡಿದರು. ಮಗ್ದಲೀನ್ ಬಾಯಿ ನನ್ನನ್ನು ನೋಡಿದರು. ನಾನು ಛಾವಣಿಯ ಬಣ್ಣ ನೋಡತೊಡಗಿದೆ. ಪರಪ್ಪನವರು ಮಗಳನ್ನು ನೋಡುತ್ತಿದ್ದರು, ಬಾಯಿ ತೆರೆದದ್ದು ತೆರೆದಂತೆಯೇ.

ಸುಳ್ಳು ಬಗೆಹರಿದರೂ ಕಾಗದ ಬಗೆಹರಿಯಲಿಲ್ಲ. "ಹೆಬ್ಬೆಟ್ಟು ಬಿದ್ದಿದೆ, ಮುದ್ರೆ ಬಿದ್ದಿದೆ," ಎಂದು ರಗಬ್ ತಲೆ ಹಿಡಿದುಕೊಂಡ. "ಸ್ಟ್ರೋಕ್ ಇಲ್ಲ ಅಂತ ಡಾಕ್ಟರು ಬರೆದುಕೊಟ್ಟರೆ ಮಾತ್ರ ರದ್ದು. ಯಲ್ಲಾ, ನಾಳೆಯೇ ಹೋಗಿ."

ಶನಿವಾರ ಪ್ರಾಯಶ್ಚಿತ್ತಕ್ಕೆಂದು ನಾನೇ ಕಾರು ತೆಗೆದೆ. ಕ್ಲಿನಿಕ್ಕಿನ ಡಾಕ್ಟರಮ್ಮ ಕಾಸರಗೋಡಿನವರು, ಕನ್ನಡ ಬಲ್ಲವರು. ಕಥೆ ಕೇಳಿ ನಕ್ಕು ನಕ್ಕು ಸ್ಟೆತಸ್ಕೋಪು ಕೆಳಗಿಟ್ಟರು. ಹೊನ್ನವ್ವನೂ ನಕ್ಕಳು. ಕೈ ಎತ್ತಿಸಿದರು, ಕಾಲು ಎತ್ತಿಸಿದರು, ಕಣ್ಣಿಗೆ ಬೆಳಕು ಬಿಟ್ಟರು. "ಸ್ಟ್ರೋಕೂ ಇಲ್ಲ ಏನೂ ಇಲ್ಲ, ಬರೆದುಕೊಡ್ತೇನೆ," ಎನ್ನುತ್ತ, ಕಾಗದದಲ್ಲಿ ಒಂದು ಜಾಗ ಖಾಲಿ ಉಳಿಯಬಾರದೆಂದು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ನಗು ನಿಂತಿತು. ಇನ್ನೊಮ್ಮೆ ನೋಡಿದರು. ಇನ್ನೊಂದು ತೋಳಿಗೆ ಕಟ್ಟಿ ನೋಡಿದರು.

"ನಿಮ್ಮ ಗೇಜು ಕೆಟ್ಟೈತಿ ಕಾಣ್ತದ ಮೇಡಂ," ಅಂದರು ಪರಪ್ಪನವರು, ಮೀಟರಿನ ಕಡೆ ಕತ್ತು ಚಾಚಿ. "ಕ್ಯಾಲಿಬ್ರೇಶನ್ ಯಾವಾಗ ಮಾಡಿಸೀರಿ? ಇನ್ನೂರಾ ಹತ್ತು ತೋರಸಾಕತ್ತೈತಿ."

"ಮೀಟರ್ ಹೊಸದು," ಅಂದರು ಡಾಕ್ಟರಮ್ಮ. "ಇನ್ನೂರ ಹತ್ತು, ನೂರ ಇಪ್ಪತ್ತಾರು. ಎಷ್ಟು ವರ್ಷದಿಂದ ನೋಡಿಸಿಲ್ಲ ನೀವು?"

ಪರಪ್ಪನವರು ಲೆಕ್ಕ ಹಾಕಿದರು. ಎರಡೂ ಕೈಯ ಬೆರಳು ಮುಗಿದವು.

"ಕೇಳಿ. ಇವತ್ತು ನೀವು ಬರದೇ ಇದ್ದಿದ್ರೆ, ತಿಂಗಳೊಳಗೆ ನಿಮ್ಮ ಸಂಘದವರು ಹೇಳಿದ್ದು ಸತ್ಯವೇ ಆಗ್ತಿತ್ತು. ತಮಾಷೆ ಅಲ್ಲ."

ಇಷ್ಟು ದಿನ ಇಡೀ ಕುವೈತ್ ಅತ್ತಾಗಲೂ ನಗುತ್ತಲೇ ಇದ್ದ ಹೊನ್ನವ್ವ, ಕೈಚೀಲವನ್ನು ಎದೆಗೆ ಒತ್ತಿಕೊಂಡು, ಪಕ್ಕದಲ್ಲಿ ಕುರ್ಚಿ ಇದ್ದರೂ ನೆಲದ ಮೇಲೆ ಕೂತುಬಿಟ್ಟಳು. ಡಾಕ್ಟರಮ್ಮ ಮೊದಲು ಅವಳಿಗೆ ನೀರು ಕೊಡಬೇಕಾಯಿತು.

ಎರಡು ದಿನ ಆಸ್ಪತ್ರೆಯಲ್ಲಿಟ್ಟು ಒತ್ತಡ ಇಳಿಸಿದರು. ದಿನಕ್ಕೆರಡು ಮಾತ್ರೆ, ಉಪ್ಪು ಬಂದ್, ಸಂಜೆ ನಲವತ್ತು ನಿಮಿಷ ನಡಿಗೆ, ವಾರದ ನಂತರ ಕೆಲಸಕ್ಕೆ ಹೋಗಬಹುದು ಎಂದು ಬರೆದುಕೊಟ್ಟರು. ರಗಬ್ ಅದನ್ನು ಓದಿ, "ಬರೀ ಪ್ರೆಶರ್ರಾ? ಮಬ್ರೂಕ್! ಪ್ರೆಶರ್ ನನಗೂ ಇದೆ, ಮುದೀರ್ ಸಾಹೇಬನಿಗೂ ಇ‌ದೆ," ಎಂದು ಹಳೆಯ ಹಾಳೆಗಳನ್ನು ನಾಲ್ಕು ಚೂರು ಮಾಡಿದ. ಮಗ್ದಲೀನ್ ಬಾಯಿ ಮಾತ್ರ ಈಗಲೂ, "ನಾನು ಹೇಳಿದ್ದು ಸ್ವಲ್ಪ ಮುಂಚೆ ಹೇಳಿದ್ದು ಅಷ್ಟೇ," ಎನ್ನುತ್ತಾರೆ.

ಈಗ ದಿನಾ ಐದು ಗಂಟೆಗೆ ಗಂಡಹೆಂಡತಿ ಕಡಲ ದಂಡೆಯ ದಾರಿಯಲ್ಲಿ ನಡೆಯುತ್ತಾರೆ. ಒಂದು ಸಂಜೆ ನಾನು ಅವರ ಹಿಂದೆಯೇ ಇದ್ದೆ. ಮುಂದೆ ಹೋಗಿ ಮಾತಾಡಿಸಲು ಸಂಕೋಚವಾಯಿತು. ಪರಪ್ಪನವರು ಏದುಸಿರು ಬಿಡುತ್ತ ನಿಂತರು.

"ಅಲ್ಲ, ನಾ ಖರೇನ ಬಿದ್ದಿದ್ರ ಏನ ಮಾಡ್ತಿದ್ದಿ?" ಎಂದು ಕೇಳಿದರು.

ಹೊನ್ನವ್ವ ತಿರುಗಿ ಅವರ ಮುಖ ನೋಡಿದಳು. ಆಮೇಲೆ ಅವರ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು ಎಳೆದಳು.

"ಸುಮ್ಮ ನಡೀರಿ. ಇನ್ನೂ ಹದಿನೈದ ನಿಮಿಷ ಐತಿ."